ನಾಲ್ಕು ಅಂತಸ್ತಿನ ಹಸೆಗೋಡೆ

ನವೆಂಬರ್ ೧೧, ೨೦೨೪, ಸೋಮವಾರ
ಶಿಕಾರಿಪುರ

ಜನವರಿಯಲ್ಲಿ ವಿಮೆ ಏಜೆಂಟ್ ಕೊಟ್ಟ ಡೈರಿ ಇದು. ಹತ್ತು ತಿಂಗಳು ಇದರ ಮೇಲೆ ಬಿಸಿ ಕುಕ್ಕರ್ ಇಡುತ್ತಿದ್ದೆ. ರಟ್ಟಿನ ಮೇಲೆ ಉಂಗುರದ ಗುರುತು ಬಿದ್ದಿದೆ. ಇವತ್ತು ಕುಕ್ಕರನ್ನು ಕೆಳಗಿಳಿಸಿ ಬರೆಯಲು ಕೂತಿದ್ದೇನೆ. ಇವತ್ತಿನ ವಿಷಯವನ್ನು ಸ್ಟಾಫ್‌ರೂಮಿನಲ್ಲಿ ಹೇಳಿದರೆ ಒಂದು ವಾರ ಅವರಿಗೆ ಬೇರೆ ಮನರಂಜನೆ ಬೇಕಾಗುವುದಿಲ್ಲ.

ಸಂಜೆ ಮೂಕಮ್ಮನವರ ಫೋನ್ ಬಂತು. ಶಿವರಾಮನ ತಾಯಿ. ಡಿಸೆಂಬರ್ ಹತ್ತಕ್ಕೆ ಸೊರಬದ ಕೋರ್ಟಿನಲ್ಲಿ ನಮ್ಮಿಬ್ಬರ ವಿಚ್ಛೇದನದ ಕೊನೆ ತಾರೀಖು. ಜೂನ್‌ನಲ್ಲಿ ವರ್ಷದಿಂದ ಬೇರೆ ಇದ್ದೇವೆ ಅಂತ ವಕೀಲರಿಂದ ಬರೆಸಿ ಇಬ್ಬರೂ ಒಪ್ಪಿ ಅರ್ಜಿ ಹಾಕಿದಾಗ, ಯೋಚನೆ ಮಾಡಿ ಅಂತ ಆರು ತಿಂಗಳು ಕೊಟ್ಟಿದ್ದರು. ನಾನು ಯೋಚನೆ ಮಾಡಿದ್ದು ಗ್ಯಾಸ್ ಸಿಲಿಂಡರ್ ಹೆಸರು ಬದಲಾವಣೆ ಬಗ್ಗೆ ಮಾತ್ರ. ಹಾಗಾಗಿ ಈ ಡೈರಿಯಲ್ಲಿ ಅತ್ತೆ ಅಂತ ಬರೆಯುವುದಿಲ್ಲ. ಮೂಕಮ್ಮನವರು ಅಂತಲೇ ಬರೆಯುತ್ತೇನೆ. ಗೌರವಕ್ಕೂ ಕಮ್ಮಿಯಿಲ್ಲ, ಸಂಬಂಧಕ್ಕೂ ಹೆಚ್ಚಿಲ್ಲ.

ಹೆಸರು ಮೂಕಮ್ಮ. ಕೊಲ್ಲೂರಮ್ಮನ ಹರಕೆಗೆ ಹುಟ್ಟಿದ್ದಕ್ಕೆ ಇಟ್ಟಿದ್ದಂತೆ. ಅಮ್ಮನವರು ಹರಕೆ ತೀರಿಸಿಕೊಂಡ ರೀತಿ ನೋಡಿದರೆ ನಗು ಬರುತ್ತದೆ. ಬೆಳಿಗ್ಗೆ ಐದಕ್ಕೆ ಶುರುವಾದ ಬಾಯಿ ಮಲಗುವವರೆಗೆ ನಿಲ್ಲುತ್ತಿರಲಿಲ್ಲ. ಎಮ್ಮೆಯ ಹತ್ತಿರ ಮಾತು, ಒಲೆಯ ಹತ್ತಿರ ಮಾತು, ಟೀವಿಯಲ್ಲಿ ವಾರ್ತೆ ಓದುವವಳ ಹತ್ತಿರವೂ ಮಾತು. ಎಂಟು ವರ್ಷ ಕೇಳಿದ್ದೇನೆ. ಅಂಥ ಹೆಂಗಸು, ಈ ಜನವರಿಯಲ್ಲಿ ನಾನು ಟ್ರಂಕು ಹಿಡಿದು ಆ ಮನೆಯಿಂದ ಹೊರಟ ದಿನ ಜಗಲಿಯ ಮೇಲೆ ಅವರೆಕಾಯಿ ಸುಲಿಯುತ್ತಾ ಕೂತಿದ್ದರು. ಒಂದು ಮಾತು ಆಡಲಿಲ್ಲ. ಹೋಗು ಅನ್ನಲಿಲ್ಲ, ಹೋಗಬೇಡ ಅನ್ನಲಿಲ್ಲ.

ಹತ್ತು ತಿಂಗಳ ಮೇಲೆ ಇವತ್ತು ಬಾಯಿ ಬಿಟ್ಟರು.

"ವೇಣಿ, ನಿಂಗೆ ಇಂಗ್ಲಿಷು ಬರ್ತದಲ್ಲೆ?"

ಹೇಗಿದ್ದೀಯ ಇಲ್ಲ, ಉಂಡೆಯಾ ಇಲ್ಲ. ಹೈಸ್ಕೂಲಿನಲ್ಲಿ ಇಂಗ್ಲಿಷ್ ಕಲಿಸುವವಳಿಗೆ ಕೇಳುವ ಪ್ರಶ್ನೆ.

"ಮಕ್ಕಳಿಗೆ ಕಲಿಸುವಷ್ಟು ಬರುತ್ತೆ," ಅಂದೆ.

"ಸಾಕು. ಗೋವಾಕ್ಕೆ ಹೋಗಾದು ಅದೆ," ಅಂದರು. ಅಷ್ಟರಲ್ಲಿ ಕರೆಂಟ್ ಹೋಗಿ ಅವರ ಕಡೆ ನೆಟ್‌ವರ್ಕ್ ಸತ್ತಿತು.


ನವೆಂಬರ್ ೧೨, ಮಂಗಳವಾರ

ಮತ್ತೆ ಫೋನ್. ಬರುವುದಿಲ್ಲ ಅಂದೆ. ಕಾರಣ ಕೇಳಿದರು. ಕಾರಣ ಇದೆ ಅಂದೆ. "ಇರ್ಲಿ ಬಿಡು," ಅಂದರು. ಇಷ್ಟು ಸುಲಭಕ್ಕೆ ಬಿಡುವ ಹೆಂಗಸಲ್ಲ.


ನವೆಂಬರ್ ೧೭, ಭಾನುವಾರ

ಬಿಡಲಿಲ್ಲ. ಬೆಳಿಗ್ಗೆ ಒಂಬತ್ತಕ್ಕೆ ಬಾಗಿಲು ತಟ್ಟಿದ ಸದ್ದು. ಹಾಲಿನವನು ಅಂದುಕೊಂಡು ಪಾತ್ರೆ ಹಿಡಿದು ಬಾಗಿಲು ತೆಗೆದರೆ ಮೂಕಮ್ಮನವರು. ಗುಡವಿ ಪಕ್ಕದ ಆ ಹಳ್ಳಿಯಿಂದ ಮೊದಲ ಬಸ್ಸಿಗೆ ಹೊರಟು, ಸೊರಬದಲ್ಲಿ ಇಳಿದು, ಇನ್ನೊಂದು ಬಸ್ಸು ಹತ್ತಿ ಶಿಕಾರಿಪುರಕ್ಕೆ ಬಂದಿದ್ದರು. ಕೈಯಲ್ಲಿ ಎರಡು ಚೀಲ. ಒಂದರಲ್ಲಿ ಸೌತೆಕಾಯಿ, ಕುಚ್ಚಲಕ್ಕಿ, ಒಂದು ಬಾಟಲಿ ತುಪ್ಪ. ಇನ್ನೊಂದರಲ್ಲಿ ಪ್ಲಾಸ್ಟಿಕ್ ಕವರಿನೊಳಗೆ ಇನ್ನೊಂದು ಕವರು, ಅದರೊಳಗೆ ಒಂದು ಕಾಗದ.

ನನ್ನ ಒಂದು ಕೋಣೆ, ಒಂದು ಅಡುಗೆಮನೆಯನ್ನು ಸುತ್ತು ಹಾಕಲು ಅವರಿಗೆ ಅರ್ಧ ನಿಮಿಷ ಹಿಡಿಯಿತು.

"ಗಾಳಿ ಚೆನ್ನಾಗಿ ಬರ್ತದೆ," ಅಂದರು. ಕಿಟಕಿ ಇರುವುದು ಒಂದೇ, ಅದೂ ಪಕ್ಕದ ಮನೆಯ ಬಚ್ಚಲಿಗೆ ಎದುರಾಗಿ.

ಕಾಗದ ಇಂಗ್ಲಿಷಿನಲ್ಲಿತ್ತು. ಪಣಜಿಯಲ್ಲಿ ಪ್ರತಿ ವರ್ಷ ನಡೆಯುವ ಬೆಳಕಿನ ಕಲೆಯ ಉತ್ಸವ. ಊರಿನ ಹಳೇ ಕಟ್ಟಡಗಳ ಮೇಲೆ ರಾತ್ರಿ ದೊಡ್ಡ ದೊಡ್ಡ ಚಿತ್ರ ಬಿಡುತ್ತಾರೆ, ರಸ್ತೆಯಲ್ಲಿ ಬೆಳಕಿನ ಏನೇನೋ ಮಾಡಿಟ್ಟಿರುತ್ತಾರೆ. ಸಂಘಮಿತ್ರಾ ಅಂತ ಒಬ್ಬ ಕಲಾವಿದೆ, ಪುಣೆಯವಳು, ಮಾರ್ಚಿನಲ್ಲಿ ಸೊರಬದ ಕಡೆ ಮದುವೆ ಮನೆಯ ಗೋಡೆಗೆ ಬರೆಯುವ ಹಸೆ ಚಿತ್ತಾರದ ಫೋಟೋ ತೆಗೆಯಲು ಬಂದಿದ್ದಳಂತೆ. ಮೂಕಮ್ಮನವರ ಮನೆಗೂ ಬಂದಿದ್ದಳು. ಈಗ ಅವರು ಬರೆದ ಚಿತ್ತಾರವನ್ನು ನದಿ ದಂಡೆಯ ಹಳೇ ಗೋದಾಮಿನ ಗೋಡೆಗೆ ಬಿಡುತ್ತಾಳೆ. ಬರೆದವರನ್ನೂ, ಜೊತೆಗೆ ಒಬ್ಬರನ್ನೂ ಕರೆದಿದ್ದಾಳೆ. ಬಸ್ಸು, ರೂಮು ಎಲ್ಲ ಅವರದೇ.

"ಇಮ್ಮರ್ಸಿವ್ ಅಂತ ಬರೆದಿದಾರೆ," ಅಂದೆ.

"ಹಂಗಂದ್ರೆ?"

"ಮುಳುಗಿಸುವಂಥದ್ದು."

"ನಂಗೆ ಈಜು ಬರಲ್ಲ," ಅಂದರು. ತಮಾಷೆ ಮಾಡಿದರೋ ನಿಜವಾಗಿ ಹೆದರಿದರೋ ಮುಖ ನೋಡಿ ಹೇಳಲಾಗಲಿಲ್ಲ.

"ಶಿವರಾಮ ಇದಾನಲ್ಲ, ಕರ್ಕೊಂಡು ಹೋಗಲಿ."

"ಅವಂಗೆ ಜೆಸಿಬಿ ಬಿಟ್ರೆ ಬೇರೆ ಭಾಷೆ ಬರಲ್ಲ."

ಅದೇನೋ ನಿಜ. ಎಂಟು ವರ್ಷದಲ್ಲಿ ನನ್ನ ಹುಟ್ಟುಹಬ್ಬ ಒಂದು ಸಲವೂ ನೆನಪಿಡದ ಮನುಷ್ಯ ಆ ಹಳದಿ ಯಂತ್ರದ ಪೂಜೆ ಒಂದು ವರ್ಷವೂ ತಪ್ಪಿಸಿಲ್ಲ.

ಆಮೇಲೆ ಕಾಗದದ ಹಿಂದಿದ್ದ ಸಣ್ಣ ಫೋಟೋ ತೋರಿಸಿದರು. ಕೆಮ್ಮಣ್ಣಿನ ಗೋಡೆ, ಅಕ್ಕಿಹಿಟ್ಟಿನ ಬಿಳಿ ಎಳೆಗಳು, ನಡುವೆ ದಂಡಿಗೆ ಅನ್ನುವ ಪಲ್ಲಕ್ಕಿಯಲ್ಲಿ ಕೂತ ಗಂಡು ಹೆಣ್ಣು. ಎಲ್ಲ ಮನೆಯ ಹಸೆಗೋಡೆಯೂ ಹೀಗೇ ಇರುತ್ತದೆ. ಆದರೆ ಇದು ನನಗೆ ಗೊತ್ತಿರುವ ಗೋಡೆ. ೨೦೧೬ರ ಮೇ ತಿಂಗಳಲ್ಲಿ ಇದರ ಎದುರು ಹಸೆಯ ಮೇಲೆ ಕೂತವಳು ನಾನೇ.

ಅಂದರೆ, ನನ್ನ ಮದುವೆಯನ್ನು ನಾಲ್ಕು ಅಂತಸ್ತಿನ ಎತ್ತರಕ್ಕೆ ತೋರಿಸುತ್ತಾರೆ. ಅದಾಗಿ ಹತ್ತು ದಿನಕ್ಕೆ ಕೋರ್ಟು.

ಮೂಕಮ್ಮನವರು ಯಾಕೆ ನನ್ನನ್ನೇ ಹುಡುಕಿಕೊಂಡು ಬಂದರು ಅಂತ ಆಗ ಹೊಳೆಯಿತು. ಅದನ್ನು ನೋಡಿ ನಾನು ಕರಗಿ, ಸೆರಗಿನಲ್ಲಿ ಮೂಗು ಒರೆಸಿಕೊಂಡು, ಅರ್ಜಿ ವಾಪಸ್ ತೆಗೆದುಕೊಳ್ಳುತ್ತೇನೆ ಅಂತ ಲೆಕ್ಕ. ನಾನು ಚೂಡಿದಾರ ಹಾಕುವವಳು, ಸೆರಗೇ ಇಲ್ಲ.

ಬರುತ್ತೇನೆ ಅಂದೆ. ಕರಗುವುದಿಲ್ಲ ಅಂತ ತೋರಿಸಲಿಕ್ಕಾದರೂ ಹೋಗಬೇಕು.


ನವೆಂಬರ್ ೨೦, ಬುಧವಾರ

ಶಾಲೆಯಲ್ಲಿ ರಜೆ ಚೀಟಿ ಕೊಟ್ಟೆ. ಹೆಡ್‌ಮಾಸ್ಟರ್ ಕೆಂಪಪ್ಪನವರು ಮೂರು ಸಲ ಓದಿದರು.

"ಬೆಳಕಿನ ಹಬ್ಬ ಅಂತ ಬರ್ದೀರಲ್ರೀ. ದೀಪಾವಳಿ ಮುಗ್ದು ಮೂರು ವಾರ ಆತಲ್ಲ."

"ಇದು ಬೇರೆ ಸರ್. ಗೋಡೆ ಮೇಲೆ ಬೆಳಕು ಬಿಡೋದು."

"ನಮ್ಮ ಎಂಟನೇ ಕ್ಲಾಸಿನ ಗೋಡೆ ಬಿರುಕು ಬಿಟ್ಟು ಎರಡು ವರ್ಷದಿಂದ ಬೆಳಕು ಬರಾಕತ್ತೈತಿ. ಅದನ್ನ ಯಾರೂ ನೋಡಾಕ ಬಂದಿಲ್ಲ," ಅಂದು ಸಹಿ ಹಾಕಿದರು.

ತಾಳಗುಂದದ ಈ ಕಡೆ ಹೊಲದ ನಡುವಿನ ಶಾಲೆ ನಮ್ಮದು. ಕಿಟಕಿಯಾಚೆ ಮೆಕ್ಕೆಜೋಳ ಮುರಿಯುತ್ತಿದ್ದರು. ನಾನು ಕರಿಹಲಗೆಯ ಮೇಲೆ ಕರ್ಮಣಿ ಪ್ರಯೋಗ ಬರೆಯುತ್ತಾ, ಪಣಜಿಯಲ್ಲಿ ಯಾರಾದರೂ ನಿಜವಾದ ಇಂಗ್ಲಿಷಿನಲ್ಲಿ ಮಾತಾಡಿಸಿದರೆ ಏನು ಗತಿ ಅಂತ ಬೆವರುತ್ತಿದ್ದೆ. ಹತ್ತು ವರ್ಷದಿಂದ ಇಂಗ್ಲಿಷ್ ಕಲಿಸುತ್ತಿದ್ದೇನೆ. ಇಂಗ್ಲಿಷಿನಲ್ಲಿ ಪೂರ್ತಿ ಐದು ನಿಮಿಷ ಮಾತಾಡಿದ್ದು ಒಮ್ಮೆ, ಕ್ರೆಡಿಟ್ ಕಾರ್ಡ್ ಬೇಡ ಅಂತ ಹೇಳಲು.

ಸಂಜೆ ಶಿವರಾಮ ಫೋನ್ ಮಾಡಿದ. ಜೂನ್ ಆದಮೇಲೆ ಮೊದಲ ಸಲ.

"ಅಮ್ಮನ್ನ ಎಲ್ಲಿಗೋ ಕರ್ಕಂಡು ಹೋಗ್ತೀಯಂತೆ."

"ಅಮ್ಮ ನನ್ನನ್ನ ಕರ್ಕೊಂಡು ಹೋಗ್ತಿದಾರೆ."

ಹಿಂದೆ ಯಂತ್ರದ ಸದ್ದು. "ಅವಳಿಗೆ ಬಿಪಿ ಅದೆ. ಮಾತ್ರೆ ರಾತ್ರಿ ಊಟ ಆದಮೇಲೆ. ನೆನಪು ಮಾಡು," ಅಂದ. ಮತ್ತೆ, "ಹತ್ತನೇ ತಾರೀಕು ತಪ್ಪಿಸಬೇಡ," ಅಂದ. ಅವನಿಗೆ ಗೊತ್ತು ಮಾಡಿರುವ ಹಿರೇಕೆರೂರಿನವಳ ಕಡೆಯವರು ಕಾಯುತ್ತಿದ್ದಾರೆ ಅಂತ ಹೇಳಲಿಲ್ಲ. ಹೇಳುವ ಅಗತ್ಯವೂ ಇರಲಿಲ್ಲ. ಕೋರ್ಟಿನ ಕಾಗದ ಕೈಗೆ ಬಂದ ತಕ್ಷಣ ಅಲ್ಲಿ ವಾಲಗ ಊದಿಸುತ್ತಾರೆ ಅಂತ ಸೊರಬಕ್ಕೆಲ್ಲ ಗೊತ್ತು.

ತಪ್ಪಿಸುವುದಿಲ್ಲ ಅಂದೆ. ಇನ್ನು ಇಪ್ಪತ್ತು ದಿನ.


ನವೆಂಬರ್ ೨೯, ಶುಕ್ರವಾರ
ಪಣಜಿ

ಬೆಳಿಗ್ಗೆ ಆರೂವರೆಗೆ ಶಿಕಾರಿಪುರ ಬಿಟ್ಟು, ಹುಬ್ಬಳ್ಳಿಯಲ್ಲಿ ಬಸ್ಸು ಬದಲಿಸಿ, ಸಂಜೆ ಐದಕ್ಕೆ ಇಲ್ಲಿಗೆ ಮುಟ್ಟಿದೆವು. ಮೂಕಮ್ಮ ನಿನ್ನೆ ಸಂಜೆಯೇ ನನ್ನ ರೂಮಿಗೆ ಬಂದು ಬಿದ್ದಿದ್ದರು. ನನ್ನ ಚಾಪೆ ಅವರಿಗೆ, ನನಗೆ ಯೋಗ ಮಾಡಲು ತಂದು ಒಮ್ಮೆಯೂ ಬಿಚ್ಚದ ಮ್ಯಾಟು.

ಹತ್ತೂವರೆ ಗಂಟೆ ಪ್ರಯಾಣ. ಹುಬ್ಬಳ್ಳಿ ಮುಟ್ಟುವಷ್ಟರಲ್ಲಿ ನಮ್ಮ ಹಿಂದಿನ ಸೀಟಿನ ಹೆಂಗಸಿಗೆ ಮೊಮ್ಮಗಳ ಜಾತಕ ಸರಿಯಿಲ್ಲ ಅಂತ, ಮುಂದಿನ ಸೀಟಿನವನಿಗೆ ಪೈಲ್ಸ್ ಇದೆ ಅಂತ, ಕಂಡಕ್ಟರನ ಹೆಂಡತಿ ತೊಗರ್ಸಿಯವಳು ಅಂತ ಇಡೀ ಬಸ್ಸಿಗೆ ಗೊತ್ತಾಗಿತ್ತು. ಎರಡನೇ ಬಸ್ಸಿನಲ್ಲಿ, ನಾನು ಯಾರು ಅಂತ ಯಾರೋ ಕೇಳಿದರು.

"ಸೊಸೆ," ಅಂದರು ಮೂಕಮ್ಮ.

ನಾನು ತಿದ್ದಲು ಬಾಯಿ ತೆರೆದೆ. ಘಟ್ಟದ ತಿರುವು ಬಂತು, ವಾಂತಿ ಬರುವ ಹಾಗಾಗಿ ಮುಚ್ಚಿದೆ.

ಬಸ್‌ಸ್ಟ್ಯಾಂಡಿಗೆ ಸಂಘಮಿತ್ರಾ ಬಂದಿದ್ದಳು. ಮೂವತ್ತು ದಾಟಿಲ್ಲ, ಒಂದು ಕಡೆ ಕೂದಲು ಬೋಳಿಸಿ ಇನ್ನೊಂದು ಕಡೆ ಬಿಟ್ಟಿದ್ದಾಳೆ. "ಹರಕೆ ಅರ್ಧ ತೀರಿಸಿದಾಳೆ," ಅಂದರು ಮೂಕಮ್ಮ. ಹುಡುಗಿಗೆ ಹಿಂದಿ, ಇಂಗ್ಲಿಷ್, ಮರಾಠಿ ಬರುತ್ತದೆ. ಕನ್ನಡದಲ್ಲಿ 'ಊಟ ಆಯ್ತಾ' ಅಂತ ಮಾತ್ರ ಬರುತ್ತದೆ, ಅದನ್ನು ಅರ್ಧ ಗಂಟೆಗೊಮ್ಮೆ ಕೇಳುತ್ತಾಳೆ. ಮೂಕಮ್ಮ ಪ್ರತಿ ಸಲವೂ ಹೊಸದಾಗಿ ಉತ್ತರ ಕೊಡುತ್ತಾರೆ.

ಮಾತ್ರೆ ನೆನಪಿಸಿದೆ. "ತಗಂಡೆ," ಅಂದರು. ಪ್ಯಾಕೆಟ್ ಎಣಿಸಿದೆ. ಸುಳ್ಳು. ಎದುರಿಗೇ ನುಂಗಿಸಿದೆ.


ಡಿಸೆಂಬರ್ ೧, ಭಾನುವಾರ
ಹುಬ್ಬಳ್ಳಿ ಬಸ್ಸಿನಲ್ಲಿ

ಅಕ್ಷರ ಅಂಕುಡೊಂಕಾಗುತ್ತಿದೆ, ಆದರೂ ಬರೆಯುತ್ತೇನೆ. ಪಕ್ಕದಲ್ಲಿ ನಿದ್ದೆ. ಇಷ್ಟು ಹೊತ್ತು ಸದ್ದಿಲ್ಲದೆ ಇರುವುದು ಅಪರೂಪ.

ನಿನ್ನೆ ಸಂಜೆ ಆರೂವರೆಗೆ ಹೊರಟೆವು. ನದಿಯ ಪಕ್ಕದ ರಸ್ತೆಯ ತುಂಬ ಜನ. ಮರಗಳಿಗೆ ಬೆಳಕು, ಬೆಂಚಿಗೆ ಬೆಳಕು, ಕಸದ ಡಬ್ಬಿಗೂ ಬೆಳಕು. ಒಂದು ಕಡೆ ಮೀನಿನ ಬಲೆಗೆ ಸಾವಿರ ಸಣ್ಣ ದೀಪ ಕಟ್ಟಿ ತೂಗುಬಿಟ್ಟಿದ್ದರು. ಪಕ್ಕದ ಬೋರ್ಡಿನಲ್ಲಿ ಅರ್ಥ ಬರೆದಿತ್ತು. ನಾನು ಓದಿ ಓದಿ, ಕೊನೆಗೆ 'ಸಮುದ್ರಕ್ಕೆ ಬೇಜಾರಾಗಿದೆಯಂತೆ' ಅಂತ ಸಾರಾಂಶ ಹೇಳಿದೆ.

"ಮೀನಿಗಲ್ವಾ ಬೇಜಾರಾಗಬೇಕಾದ್ದು?" ಅಂದರು.

ಇನ್ನೊಂದು ಟೆಂಟಿನೊಳಗೆ ಹಾಸಿಗೆ ಹಾಸಿ, ಮೇಲೆ ಚಾವಣಿಯ ತುಂಬ ಮೋಡ ಚಲಿಸುವ ಹಾಗೆ ಮಾಡಿದ್ದರು. ಮಲಗಿ ನೋಡಬೇಕು. ಮೂಕಮ್ಮ ಮಲಗಿದರು, ಎರಡು ನಿಮಿಷದಲ್ಲಿ ಗೊರಕೆ. ಸುತ್ತಲಿನವರು ಅದೂ ಕಲಾಕೃತಿಯ ಭಾಗ ಅಂದುಕೊಂಡು ಫೋಟೋ ತೆಗೆದರು. ಒಬ್ಬ ವಿದೇಶಿ ಹೆಂಗಸು ಕಣ್ಣು ಮುಚ್ಚಿ ಕೇಳುತ್ತಾ ನಿಂತಿದ್ದಳು. ಎಬ್ಬಿಸಲು ನನಗೇ ಸಂಕೋಚವಾಯಿತು.

ಏಳೂವರೆಗೆ ಗೋದಾಮಿನ ಎದುರು ಬಂದೆವು. ನಾಲ್ಕು ಅಂತಸ್ತಿನ ಬೋಳು ಗೋಡೆ, ಎದುರಿಗೆ ಸಣ್ಣ ವೇದಿಕೆ, ಐನೂರು ಜನವಾದರೂ ಇದ್ದರು. ಬದಿಯಲ್ಲಿ ಬೋರ್ಡು. ಅದರಲ್ಲಿ ಬರೆದವರ ಹೆಸರು ಒಂದು ಅಕ್ಷರ ತಪ್ಪಿ ಮಕಮ್ಮ ಆಗಿತ್ತು. ಕೈ ತಾನಾಗೇ ಪರ್ಸಿಗೆ ಹೋಗಿ ಕೆಂಪು ಪೆನ್ ತೆಗೆಯಿತು. ತಿದ್ದಿ ಪಕ್ಕದಲ್ಲಿ ಇನಿಷಿಯಲ್ ಕೂಡ ಹಾಕಿದೆ.

ದೀಪ ಆರಿಸಿದರು. ಗೋಡೆ ಕೆಮ್ಮಣ್ಣಿನ ಬಣ್ಣಕ್ಕೆ ತಿರುಗಿತು. ಬಿಳಿ ಎಳೆಗಳು ತಾವಾಗೇ ಮೂಡತೊಡಗಿದವು.

"ತಪ್ಪು," ಅಂದರು ಪಕ್ಕದಲ್ಲಿದ್ದ ಮೂಕಮ್ಮ. "ಅಂಚು ಮೊದಲು ಬರಬೇಕು. ಇಷ್ಟು ಬೇಗ ಎಳೆದ್ರೆ ಒಣಗಾದು ಯಾವಾಗ?"

ಅಂಚು, ನಿಲಿ ಅನ್ನುವ ಗೆರೆಗಳು, ಎಳೆಯ ಜಾಲ, ಪಕ್ಷಿ, ಬಾಸಿಂಗ. ಪುಂಡಿನಾರಿನ ಕುಂಚದಲ್ಲಿ ಕೂದಲೆಳೆಯಷ್ಟು ಸಣ್ಣಗೆ ಬರೆದ ಗೆರೆ ಈಗ ನನ್ನ ಸೊಂಟದಷ್ಟು ದಪ್ಪ. ಒಂದು ಗೆರೆಯೂ ನಡುಗಿರಲಿಲ್ಲ. ನಾನು ಎಂಟು ವರ್ಷ ಆ ಗೋಡೆಗೆ ಒರಗಿ ಫೋನ್ ನೋಡಿದ್ದೇನೆ, ಅಕ್ಕಿ ಆರಿಸಿದ್ದೇನೆ, ಗಂಡನ ಮೇಲೆ ಸಿಟ್ಟು ಮಾಡಿಕೊಂಡು ಬೆನ್ನು ತಿರುಗಿಸಿ ಕೂತಿದ್ದೇನೆ. ನೋಡಿರಲಿಲ್ಲ.

ನಡುವೆ ದಂಡಿಗೆ ಬಂತು. ಒಳಗೆ ತ್ರಿಕೋನದ ಗಂಡು, ತ್ರಿಕೋನದ ಹೆಣ್ಣು. ಸಂಗೀತ ಧಡಧಡ ಅಂತ ಶುರುವಾಗಿ, ದಂಡಿಗೆ ಗೋಡೆಯ ತುಂಬ ಓಡಾಡಿತು. ಕೊನೆಗೆ ಗಂಡು ಹೆಣ್ಣು ಹತ್ತಿರ ಸರಿದು, ನಡುವಿನಿಂದ ಒಂದು ದೊಡ್ಡ ಕೆಂಪು ಹೃದಯದ ಆಕಾರ ಎದ್ದು ಇಡೀ ಕಟ್ಟಡ ತುಂಬಿತು. ಜನ ಹೋ ಅಂದರು.

"ವೀಳ್ಯದೆಲೆ ಎಂತಕ್ಕೆ ಬಂತು?" ಅಂದರು ಮೂಕಮ್ಮ. "ನಾನು ಬರೆದಿರಲಿಲ್ಲ."

ನಗು ತಡೆಯಲಾಗಲಿಲ್ಲ. ಹಾಗೆ ನಗುತ್ತಿರುವಾಗಲೇ ಬಲಗಡೆ ಕೆಳಮೂಲೆ ಕಂಡಿತು. ಅಲ್ಲಿ ಬಿಳಿ ಗೆರೆಗಳು ಒರೆಸಿದ ಹಾಗಿದ್ದವು. ಮದುವೆಯ ದಿನ ಸೆಕೆಗೆ ಬೆವರಿ ಮುದ್ದೆಯಾಗಿದ್ದ ಶಿವರಾಮ ಹಸೆಯ ಮೇಲೆ ಹಿಂದಕ್ಕೆ ಒರಗಿಬಿಟ್ಟಿದ್ದ. ಅಂಗಿಗೆಲ್ಲ ಚಿತ್ತಾರ ಅಂಟಿತ್ತು. ಮೂಕಮ್ಮ ಬೈದಿದ್ದರು, ಮಾವ ರಾಜಪ್ಪ ಆಗ ಇದ್ದರು, ಹೊಟ್ಟೆ ಹಿಡಿದು ನಕ್ಕಿದ್ದರು. ಶಿವರಾಮ ನನ್ನ ಕಡೆ ತಿರುಗಿ, 'ಹಿಂದೆ ಎಷ್ಟು ಹಾಳಾಗ್ಯದೆ ನೋಡು' ಅಂತ ಮೆಲ್ಲಗೆ ಕೇಳಿದ್ದ. ಅವನು ನನ್ನ ಹತ್ತಿರ ಆಡಿದ ಮೊದಲ ಮಾತು ಅದು. ಆ ಬೆನ್ನಿನ ಗುರುತು ಈಗ ಒಂದು ಲಾರಿಯಷ್ಟು ದೊಡ್ಡದಾಗಿತ್ತು.

ಗಾಳಿಗೆ ಕಣ್ಣಲ್ಲಿ ನೀರು ಬಂತು. ನದಿಯ ಕಡೆಯಿಂದ ಗಾಳಿ ಜೋರಿತ್ತು.

ಸಂಘಮಿತ್ರಾ ಇಬ್ಬರನ್ನೂ ವೇದಿಕೆಗೆ ಎಳೆದುಕೊಂಡು ಹೋದಳು. ಒಂದು ಮೈಕು ಅವಳ ಕೈಲಿ, ಒಂದು ನನ್ನ ಕೈಲಿ. ಈ ಚಿತ್ತಾರ ಯಾರ ಮದುವೆಗೆ ಬರೆದದ್ದು ಅಂತ ಅಮ್ಮನನ್ನು ಕೇಳಿ ಅಂದಳು. ಪಾಪ, ಅವಳಿಗೆ ಗೊತ್ತಿರಲಿಲ್ಲ. ಅವಳು ಫೋಟೋ ತೆಗೆಯುವಾಗ ನಾನು ಆ ಮನೆ ಬಿಟ್ಟು ಎರಡು ತಿಂಗಳಾಗಿತ್ತು.

"ಎಂತ ಕೇಳ್ತಾ ಅದಾಳೆ?"

"ಯಾರ ಮದುವೆಗೆ ಬರೆದಿದ್ದು ಅಂತ. ಯಾರೋ ನೆಂಟರದು ಅಂದ್ಬಿಡಿ," ಅಂದೆ.

ಮೈಕು ಬಾಯಿಯ ಹತ್ತಿರವೇ ಇತ್ತು. ಗೋವಾದಲ್ಲಿ ಕನ್ನಡದವರು ಇಲ್ಲದ ಜಾಗ ಇಲ್ಲ ಅನ್ನುವುದು ನನಗೆ ಮರೆತೇ ಹೋಗಿತ್ತು. ಗುಂಪಿನ ಹಿಂದಿನಿಂದ ಯಾರೋ ಕೂಗಿದ. "ಅಜ್ಜಿ, ಖರೇ ಹೇಳ್ರಿ. ನಾವ್ ಗದಗಿನವ್ರು ಇದೀವಿ." ಏಳೆಂಟು ಜನ ಸಿಳ್ಳೆ ಹಾಕಿದರು.

ಮೂಕಮ್ಮನಿಗೆ ಅಷ್ಟು ಸಾಕಾಯಿತು.

"ಇವಳ್ದೇ ಮದುವೆಗೆ ಬರೆದಿದ್ದು. ಒಂಬತ್ತು ದಿನ ಕೂತು ಬರೆದೆ. ಈಗ ಇವ್ರು ಗಂಡ ಹೆಂಡ್ತಿ ಬಿಡ್ತಾ ಅದಾರೆ, ಇನ್ನು ಹತ್ತು ದಿನಕ್ಕೆ ಕೋರ್ಟು. ಗೋಡೆನೂ ಇಲ್ಲ. ನನ್ನ ಮಗ ಹೋದ ತಿಂಗಳು ಜೆಸಿಬಿ ತಂದು ಕೆಡವಿದ. ಇಲ್ಲಿ ಬೆಳಕು ಆರಿಸಿದ್ರೆ ಮುಗೀತು, ಮತ್ತೆಲ್ಲೂ ಇಲ್ಲ ಇದು."

ಗೋಡೆ ಕೆಡವಿದ್ದು ನನಗೆ ಗೊತ್ತಿರಲಿಲ್ಲ. ಐನೂರು ಜನರ ಎದುರು, ಕೈಯಲ್ಲಿ ಮೈಕು ಹಿಡಿದುಕೊಂಡು, ಅದನ್ನು ಮೊದಲ ಸಲ ಕೇಳಿದೆ.

ಸಂಘಮಿತ್ರಾ ನನ್ನ ಮುಖ ನೋಡುತ್ತಿದ್ದಳು. ಗದಗಿನವರೂ ನೋಡುತ್ತಿದ್ದರು. ಸುಳ್ಳು ಹೇಳುವಂತಿರಲಿಲ್ಲ, ಹೇಳುವಷ್ಟು ಇಂಗ್ಲಿಷೂ ಇರಲಿಲ್ಲ. ಎಂಟನೇ ಕ್ಲಾಸಿನ ವಾಕ್ಯಗಳಲ್ಲಿ ಹೇಳಿದೆ. ಇದು ನನ್ನ ಮದುವೆ. ಮದುವೆ ಮುರಿದಿದೆ. ಗೋಡೆಯನ್ನೂ ಕೆಡವಲಾಗಿದೆ. ಅಲ್ಲೂ ಕರ್ಮಣಿ ಪ್ರಯೋಗ ಸರಿಯಾಗಿ ಬಂತು. ಆಮೇಲೆ ಏನು ಹೇಳಬೇಕು ತಿಳಿಯದೆ, ಚಿತ್ರ ಬಹಳ ಚೆನ್ನಾಗಿದೆ, ಆದರೆ ಕೊನೆಯಲ್ಲಿ ಬಂದ ವೀಳ್ಯದೆಲೆ ಅಮ್ಮ ಬರೆದದ್ದಲ್ಲ ಅಂದೆ.

ಯಾರೋ ನಕ್ಕರು, ಆಮೇಲೆ ಎಲ್ಲರೂ ಚಪ್ಪಾಳೆ ತಟ್ಟಿದರು. ಚಪ್ಪಾಳೆ ಮದುವೆಗೋ, ಮುರಿದದ್ದಕ್ಕೋ, ಎಲೆಗೋ, ಗೊತ್ತಾಗಲಿಲ್ಲ. ಸಂಘಮಿತ್ರಾ ಅಳುತ್ತಾ ನನ್ನನ್ನು ತಬ್ಬಿಕೊಂಡಳು. ಸಮಾಧಾನ ಮಾಡಿದ್ದು ನಾನು.

ಇಳಿದು ಬಂದು ನದಿ ಕಡೆಯ ಕಟ್ಟೆಯ ಮೇಲೆ ಕೂತೆವು. ಗದಗಿನವನೊಬ್ಬ ದುಡ್ಡು ಬೇಡವೆಂದು ಎರಡು ಟೀ ಕೊಟ್ಟು ಹೋದ.

"ಗೋಡೆ ವಿಷಯ ನನಗೆ ಯಾಕೆ ಹೇಳಲಿಲ್ಲ?" ಅಂದೆ.

ಬಹಳ ಹೊತ್ತು ಟೀ ಊದಿದರು. ಆಮೇಲೆ ಹೇಳಿದರು. ಆಯುಧಪೂಜೆಯ ಮಾರನೇ ದಿನ. ಯಂತ್ರಕ್ಕೆ ಹಾಕಿದ್ದ ಚೆಂಡುಹೂವಿನ ಹಾರ ಹಾಗೇ ಇತ್ತಂತೆ. ಹಿರೇಕೆರೂರಿನವರು ಮನೆ ನೋಡಲು ಬರುವವರಿದ್ದರು, ಜಗಲಿ ತೆಗೆದು ಹಾಲ್ ಮಾಡಬೇಕು ಅಂದನಂತೆ.

"ನಾನು ಬೇಡ ಅನ್ನಲಿಲ್ಲ ವೇಣಿ. ಅವನಿಗೆ ಟೀ ಮಾಡಿ ಕೊಟ್ಟೆ. ಧೂಳು ಬೀಳ್ತದೆ ಅಂತ ತಟ್ಟೆ ಮುಚ್ಚಿ ಕೊಟ್ಟೆ."

ಅವರ ಖಾಲಿ ಕಪ್ಪು ತೆಗೆದು ಕೆಳಗಿಟ್ಟೆ.

"ನೀನು ಹೋಗೋ ದಿನಾನೂ ಎಂತೂ ಅನ್ನಲಿಲ್ಲ. ಬಾಯಿ ತುದಿಗೆ ಬಂದಿತ್ತು. ಹೋಗಬೇಡ ಅಂದ್ರೆ, ಇಲ್ಲಿದ್ದು ಎಂತ ಮಾಡ್ಲಿ ಅಂತ ನೀನು ಕೇಳ್ತೀಯ. ಅದಕ್ಕೆ ನನ್ನ ಹತ್ರ ಉತ್ತರ ಇರಲಿಲ್ಲ. ಹೋಗು ಅನ್ನಕ್ಕೆ ಹೊಟ್ಟೆ ಕೇಳಲಿಲ್ಲ. ಅವರೆಕಾಯಿ ಸುಲಿದೆ. ಅಷ್ಟೂ ಹುಳ ಬಿದ್ದಿತ್ತು. ಯಾವುದು ಹುಳ, ಯಾವುದು ಕಾಳು ನೋಡಲಿಲ್ಲ, ಎಲ್ಲ ಒಂದೇ ಬುಟ್ಟಿಗೆ ಹಾಕಿದೆ."

"ಸಾರು ಮಾಡಿದ್ರಾ?"

"ಮಾಡ್ದೆ. ಅವನು ಉಂಡ."

ಇಬ್ಬರೂ ನಕ್ಕೆವು. ಕಟ್ಟೆಯಿಂದ ಬೀಳುವಷ್ಟು ನಕ್ಕೆವು. ಎದುರಿಗೆ ಗೋಡೆಯ ಮೇಲೆ ಎರಡನೇ ಆಟ ಶುರುವಾಗಿತ್ತು.

"ಇದನ್ನ ನೋಡಿದ್ರೆ ನೀನು ವಾಪಸ್ ಬರ್ತೀಯ ಅಂದ್ಕಂಡಿದ್ದೆ," ಅಂದರು ಕೊನೆಗೆ.

"ಗೊತ್ತಿತ್ತು."

"ಬರಬೇಡ," ಅಂದರು. "ಹಾಲ್ ಸಣ್ಣದಾಗ್ಯದೆ."

ಮೂರನೇ ಆಟವನ್ನೂ ನೋಡಿದೆವು. ಎಲೆ ಬರುವಾಗ ಅತ್ತೆ ಪ್ರತಿ ಸಲವೂ ಮುಖ ತಿರುಗಿಸುತ್ತಿದ್ದರು. ರೂಮಿಗೆ ಬಂದು ಮಾತ್ರೆ ಕೊಟ್ಟೆ. ಈ ಸಲ ಹೇಳದೆಯೇ ನುಂಗಿದರು.

ಘಟ್ಟ ಬಂತು. ನಿಲ್ಲಿಸುತ್ತೇನೆ.


ಡಿಸೆಂಬರ್ ೪, ಬುಧವಾರ

ಏನೂ ಇಲ್ಲ. ಅತ್ತೆ ತಂದ ತುಪ್ಪ ಮುಗಿಯಿತು.


ಡಿಸೆಂಬರ್ ೧೦, ಮಂಗಳವಾರ

ಹತ್ತೂವರೆಗೆ ಸೊರಬದ ಕೋರ್ಟಿನ ಹತ್ತಿರ ಇಳಿದೆ. ವಕೀಲ ಸದಾಶಿವಪ್ಪನವರು ಬೇವಿನ ಮರದ ಕೆಳಗೆ ನಿಂತು ಮಂಡಕ್ಕಿ ತಿನ್ನುತ್ತಿದ್ದರು. "ಏನೂ ಇಲ್ಲಮ್ಮ, ಎರಡು ನಿಮಿಷ. ಕೇಳಿದ್ದಕ್ಕೆ ಹೌದು ಅನ್ನಿ. ಜಾಸ್ತಿ ಮಾತು ಬೇಡ," ಅಂದರು. ಶಿವರಾಮ ಇಸ್ತ್ರಿ ಹಾಕಿದ ಬಿಳಿ ಅಂಗಿಯಲ್ಲಿ ದೂರ ನಿಂತಿದ್ದ. ತೆಳ್ಳಗಾಗಿದ್ದಾನೆ. ಕೇಳಬೇಕು ಅನ್ನಿಸಿತು, ಕೇಳಲಿಲ್ಲ. ಮೊದಲಾಗಿದ್ದರೆ ಅನ್ನಿಸುತ್ತಲೂ ಇರಲಿಲ್ಲ ಅಂತ ಈಗ ಬರೆಯುವಾಗ ಹೊಳೆಯುತ್ತಿದೆ. ಇರಲಿ.

ಒಳಗೆ ಬೆಂಚಿನಲ್ಲಿ ಕೂತಿದ್ದಾಗ ಅತ್ತೆ ಬಂದರು. ಮಗನ ಬೈಕಿನಲ್ಲಿ ಅಲ್ಲ, ಬಸ್ಸಿನಲ್ಲಿ. ಮದುವೆ ಮನೆಗೆ ಉಡುವ ಹಸಿರು ಸೀರೆ. ನೇರ ಬಂದು ನನ್ನ ಪಕ್ಕ ಕೂತರು. ನಾನು ಬ್ಯಾಗು ತೆಗೆದು ಜಾಗ ಮಾಡಿದೆ. ಆಚೆ ಬೆಂಚಿನಿಂದ ಶಿವರಾಮ ನೋಡಿದ. ಆಮೇಲೆ ಮೊಬೈಲು ನೋಡಿದ.

ನಮ್ಮ ಹೆಸರು ಕೂಗಿದರು. ಎದ್ದು ನಿಂತೆವು. ನ್ಯಾಯಾಧೀಶರು ಹೆಂಗಸು, ನನ್ನದೇ ವಯಸ್ಸು ಇರಬಹುದು. ಇಬ್ಬರೂ ಸ್ವಂತ ಇಷ್ಟದಿಂದ ಒಪ್ಪಿದ್ದೀರಾ, ಯಾರ ಒತ್ತಾಯವೂ ಇಲ್ಲವಾ ಅಂತ ಕೇಳಿದರು. ಶಿವರಾಮ ಹೌದು ಮೇಡಂ ಅಂದ. ನಾನೂ ಹೌದು ಅಂದೆ. ಅಷ್ಟೇ, ಎಂಟು ವರ್ಷ.

ಅವರು ಫೈಲು ಮುಚ್ಚುವಷ್ಟರಲ್ಲಿ ಹಿಂದಿನಿಂದ ಮಾತು ಕೇಳಿತು.

"ನಾನೂ ಒಪ್ಪಿದೀನಿ ಅಮ್ಮಾ."

ಸದಾಶಿವಪ್ಪನವರು ಹಣೆ ಒತ್ತಿಕೊಂಡರು. ಅತ್ತೆ ಎದ್ದು ನಿಂತಿದ್ದರು. ಅಟೆಂಡರ್ ಕೂರಿ ಕೂರಿ ಅಂತ ಕೈ ಮಾಡುತ್ತಿದ್ದ.

"ಯಾರಿವರು?" ಅಂದರು ನ್ಯಾಯಾಧೀಶರು.

"ಹುಡುಗನ ತಾಯಿ ಮೇಡಂ," ಅಂದರು ಸದಾಶಿವಪ್ಪ.

"ನಿಮ್ಮನ್ನ ಯಾರೂ ಕೇಳಿಲ್ಲಮ್ಮ."

"ಕೇಳಲಿಲ್ಲ ಅಂತಲೇ ಎದ್ದೆ. ಇವಳು ಒಳ್ಳೆ ಹುಡುಗಿ. ಇವಳದೆಂತೂ ತಪ್ಪಿಲ್ಲ. ಇವಳು ಹೋಗುವಾಗ ನಾನು ಮಾತಾಡಬೇಕಿತ್ತು, ಆಡಲಿಲ್ಲ. ಅದನ್ನೂ ಬರ್ಕೊಳಿ."

ಶಿವರಾಮ ತಲೆ ಬಗ್ಗಿಸಿ ತನ್ನ ಚಪ್ಪಲಿ ನೋಡುತ್ತಿದ್ದ. ನ್ಯಾಯಾಧೀಶರು ಪೆನ್ನು ಕೆಳಗಿಟ್ಟರು.

"ಅದನ್ನ ಬರೆಯಕ್ಕೆ ಈ ಆದೇಶದಲ್ಲಿ ಜಾಗ ಇಲ್ಲಮ್ಮ," ಅಂದರು. ಗದರಲಿಲ್ಲ. "ನಾನು ಕೇಳಿಸಿಕೊಂಡೆ. ಕೂತ್ಕೊಳ್ಳಿ."

ಕೂತರು. ಮುಂದಿನ ಕೇಸು ಗದ್ದೆ ಬದುವಿನದು. ಅವರನ್ನು ಕೂಗಿದರು.

ಹೊರಗೆ ಶಿವರಾಮ ಬೈಕ್ ಸ್ಟಾರ್ಟ್ ಮಾಡಿಕೊಂಡು ತಾಯಿಗಾಗಿ ಕಾದ. "ನೀ ನಡಿ, ನಾನು ಬರ್ತೀನಿ," ಅಂದರು. ಅವನು ನನ್ನ ಕಡೆ ತಿರುಗಿ, "ಬರ್ತೀನಿ ವೇಣಿ," ಅಂದ. ಎಂಟು ವರ್ಷದಲ್ಲಿ ಮನೆಯಿಂದ ಹೊರಡುವಾಗ ಒಂದು ದಿನವೂ ಹೇಳಿರಲಿಲ್ಲ. ಹೂಂ ಅಂದೆ.

ಬಸ್‌ಸ್ಟ್ಯಾಂಡಿನ ಹೋಟೆಲಿನಲ್ಲಿ ಇಬ್ಬರೂ ಇಡ್ಲಿ ತಿಂದೆವು. ಸಾಂಬಾರಿಗೆ ಉಪ್ಪಿಲ್ಲ ಅಂತ ಅತ್ತೆ ಅಡುಗೆಯವನನ್ನೇ ಹೊರಗೆ ಕರೆಸಿದರು. ಅವನು ಒಪ್ಪಲಿಲ್ಲ. ರುಚಿ ನೋಡಿಸಿದರು. ಒಪ್ಪಿದ.

ಅವರ ಊರಿನ ಬಸ್ಸು ಮೊದಲು ಬಂತು. ಹತ್ತಿಸಿದೆ. ಕಿಟಕಿ ಪಕ್ಕ ಕೂತು, ಕೂತ ತಕ್ಷಣ ನನ್ನ ಕಡೆ ತಿರುಗಿ ಏನೋ ಹೇಳಲು ಶುರು ಮಾಡಿದರು. ಗಾಜು ಜಾಮ್ ಆಗಿತ್ತು, ಎರಡು ಕೈಯಲ್ಲಿ ಎಳೆದರೂ ಸರಿಯಲಿಲ್ಲ. ಎಂಜಿನ್ ಸದ್ದು ಬೇರೆ. ಒಂದು ಅಕ್ಷರವೂ ಕೇಳಿಸಲಿಲ್ಲ. ಅವರಿಗೆ ಅದು ಗೊತ್ತಾಯಿತೋ ಇಲ್ಲವೋ, ಹೇಳುತ್ತಲೇ ಇದ್ದರು, ಬೆರಳು ಮಡಚಿ ಒಂದು, ಎರಡು, ಮೂರು ಅಂತ ಏನನ್ನೋ ಎಣಿಸಿದರು, ಒಮ್ಮೆ ಕಣ್ಣು ಒರೆಸಿಕೊಂಡು ಮತ್ತೆ ಮುಂದುವರಿಸಿದರು. ಬಸ್ಸು ಹೊರಟಿತು. ನಾನು ಪಕ್ಕದಲ್ಲೇ ನಡೆಯುತ್ತಾ ಹೂಂ ಅಂದೆ, ಸರಿ ಅಂದೆ, ಆಯ್ತು ಅಂದೆ, ಪ್ರತಿಯೊಂದಕ್ಕೂ ಒಪ್ಪಿಕೊಂಡೆ.